ನೀರು ನಿಲ್ಲದ ಓಣಿ

ಸಿಂದಗಿಯಲ್ಲಿ ನಮ್ಮ ಮನೆ ಓಣಿಯ ಕಟ್ಟಕಡೆಯದು. ಅದರಾಚೆ ದಾರಿಯಿಲ್ಲ, ಯಾರದೋ ಜಾಗದ ಎತ್ತರದ ಗೋಡೆ ನಿಂತಿದೆ. ಎರಡೂ ಬದಿ ಸೇರಿ ಏಳೆಂಟು ಮನೆಗಳು. ಓಣಿ ಸರ್ಕಾರದ್ದಲ್ಲ, ಹಿರಿಯರು ಜಾಗ ಪಾಲು ಮಾಡಿಕೊಂಡಾಗ ಎಲ್ಲರಿಗೂ ಇರಲಿ ಎಂದು ಬಿಟ್ಟ ದಾರಿ. ಎರೆಮಣ್ಣಿನ ಊರಲ್ಲಿ ಮಳೆಗಾಲದ ಓಣಿ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಅಂಟಿಕೊಂಡು ಮನೆಯೊಳಗೇ ಬರುತ್ತದೆ. ಹೀಗಾಗಿ ಒಂದು ಬೇಸಿಗೆಯಲ್ಲಿ ಎಲ್ಲ ಮನೆಯವರೂ ಕೂಡಿ ಓಣಿಗೆ ಕಾಂಕ್ರೀಟ್ ಹಾಕಿಸಿದರು. ಕೆಸರೇನೋ ಹೋಯಿತು. ಆದರೆ ಓಣಿಯ ಬಾಯಿ ಎತ್ತರ, ನಮ್ಮ ಕೊನೆ ತಗ್ಗು, ಗಟಾರ ಇರುವುದು ಆ ಎತ್ತರದ ತುದಿಯಲ್ಲಿ. ಮೊದಲು ಅಷ್ಟಿಷ್ಟಾದರೂ ಮಣ್ಣು ಕುಡಿಯುತ್ತಿದ್ದ ನೀರು ಈಗ ಕಾಂಕ್ರೀಟಿನ ಮೇಲೆ ಸರಸರನೆ ಹರಿದು ಬಂದು ನಮ್ಮ ಮೆಟ್ಟಿಲ ಮುಂದೆ ನಿಂತುಬಿಡುತ್ತಿತ್ತು. ಮಳೆ ನಿಂತು ವಾರವಾದರೂ ಅಲ್ಲೇ ಇರುತ್ತಿತ್ತು.

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಮನೆಗಳ ನಕ್ಷೆ ಬರೆದುಕೊಟ್ಟು, ಕಟ್ಟುವಾಗ ಮುಂದೆ ನಿಂತು ನೋಡಿಕೊಳ್ಳುವುದು ನನ್ನ ಕೆಲಸ. ಇವತ್ತು ಇಂಡಿ, ನಾಳೆ ಮುದ್ದೇಬಿಹಾಳ, ನಾಡಿದ್ದು ಬಸವನ ಬಾಗೇವಾಡಿ ಎಂದು ಬಸ್ಸುಗಳಲ್ಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ನಮಗೆ ಒಬ್ಬಳೇ ಮಗಳು, ಆರನೆಯ ಇಯತ್ತೆಯಲ್ಲಿದ್ದಳು.

ಎದುರು ಮನೆಯ ಚಾಚಾ ನಿಂಬೆಹಣ್ಣಿನ ವ್ಯಾಪಾರಿ. ಅವರ ಅಜ್ಜನ ಕಾಲದಿಂದಲೂ ಆ ಮನೆಯವರು ಇದೇ ಊರಿನಲ್ಲಿ ಇದೇ ವ್ಯಾಪಾರ ಮಾಡಿಕೊಂಡು ಬಂದವರು. ಇಂಡಿ ಕಡೆಯ ತೋಟಗಳಿಂದ ಬಂದ ಚೀಲಗಳನ್ನು ಅವರ ಬಾಗಿಲಲ್ಲಿ ಇಳಿಸುವಾಗ ನಾಲ್ಕಾರು ಹಣ್ಣು ಉರುಳುತ್ತಿದ್ದವು. ಮಳೆಗಾಲದಲ್ಲಿ ಅವು ತೇಲುತ್ತ ನಮ್ಮ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದವು. ಮಗಳು ಲಂಗ ಎತ್ತಿಕೊಂಡು ನೀರಿಗಿಳಿದು ಅವನ್ನು ಆರಿಸಿ, "ಚಾಚಾ, ನಿಮ್ಮ ಲಿಂಬಿಹಣ್ಣ ಈಸ್ಕೋತ ನಮ್ಮನಿಗೆ ಬಂದಾವ್ರೀ" ಎಂದು ಕೂಗುತ್ತಿದ್ದಳು.

"ಇಟ್ಕೋ ಬೇಟಿ. ನಮ್ಮನ್ಯಾಗ ಇರೂದು ಬ್ಯಾಡಂತ ಅವಕ್ಕ" ಎಂದು ಚಾಚಾ ನಗುತ್ತಿದ್ದರು.

ಗಣಪತಿ ಹಬ್ಬ ಮುಗಿದ ಮೇಲೆ ಸುರಿದ ಮಳೆಯಲ್ಲಿ ಓಣಿಗೆ ಜ್ವರ ಬಂತು. ಒಂದೊಂದು ಮನೆಯಲ್ಲಿ ಒಬ್ಬರಾದರೂ ಮಲಗಿದರು. ಮಗಳಿಗೂ ಬಂತು. ಮೈಕೈ ನೋವೆಂದು ಅತ್ತಳು, ಊಟ ಬಿಟ್ಟಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಡೆಂಗಿ ಎಂದರು, ನೀರು ಕುಡಿಸುತ್ತಿರಿ, ದಿನಾ ಕರೆದುಕೊಂಡು ಬನ್ನಿ ಎಂದರು. ಅವರು ಹೇಳಿದ ಹಾಗೆಯೇ ನಡೆದುಕೊಂಡೆವು. ಮೂರ್ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಬೆಳಗ್ಗೆ ಎದ್ದು ಗೋಡೆಗೆ ಒರಗಿ ಕೂತು, "ಅವ್ವಾ, ಸೂಸಲಾ ಮಾಡಿಕೊಡು" ಎಂದಳು. ಚುರುಮುರಿ ನೆನೆಹಾಕಿ ಒಗ್ಗರಣೆ ಕೊಟ್ಟು ತಂದೆ. ಅವಳ ಅಪ್ಪ ತುತ್ತು ಮಾಡಿ ತಿನ್ನಿಸಿದರು.

"ಅಪ್ಪಾ, ನಾಳಿ ಸಾಲಿಗೆ ಹೋಗ್ಲ್ಯಾ?"

"ಈ ವಾರ ಬ್ಯಾಡ. ಮುಂದಿನ ವಾರ ನಾನ ಬಿಟ್ಟು ಬರ್ತೇನಿ."

ಆ ಮಧ್ಯಾಹ್ನವೇ ಅವಳ ಕೈಕಾಲು ತಣ್ಣಗಾದವು. ಜ್ವರ ಇಳಿದ ಹೊತ್ತೇ ಈ ರೋಗದಲ್ಲಿ ಎಚ್ಚರದ ಹೊತ್ತೆಂದು ಡಾಕ್ಟರು ಹೇಳಿದ್ದು ನೆನಪಾಗಿ ನಾನು ಬಾಗಿಲಿಗೆ ಓಡಿ ಬಂದು ಕೂಗಿದೆ. ಚಾಚಾ ಊಟದ ತಾಟು ಬಿಟ್ಟೆದ್ದು ತಮ್ಮ ಕಾರು ತೆಗೆದರು. ವಿಜಯಪುರದವರೆಗೆ ಅವರ ಹೆಂಡತಿ ಚಾಚಿ ಹಿಂದಿನ ಸೀಟಿನಲ್ಲಿ ಮಗಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಸೆರಗಿನಿಂದ ತಿಕ್ಕುತ್ತಲೇ ಬಂದರು. ಅವಳ ತಲೆ ನನ್ನ ಮಡಿಲಲ್ಲಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಮರುದಿನ ಬೆಳಗ್ಗೆ ಮಗಳು ತೀರಿಕೊಂಡಳು.

ಮನೆಯವರ ಹುಟ್ಟೂರು ಇಂಗಳೇಶ್ವರ. ಅಲ್ಲಿಯ ನಮ್ಮ ಹೊಲದಲ್ಲಿ ಅವಳನ್ನು ಮಣ್ಣು ಮಾಡುವುದೆಂದಾಯಿತು. ತೋಡಿದ ಕುಣಿಯಲ್ಲಿ ಮಳೆಯ ನೀರು ತುಂಬಿಕೊಂಡಿತ್ತು. ಎರೆಮಣ್ಣು ಒಮ್ಮೆ ನೆನೆದರೆ ಹನಿಯನ್ನೂ ಒಳಗೆ ಬಿಡುವುದಿಲ್ಲ. ನನ್ನ ಭಾವನವರು ಬಕೀಟಿನಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಮನೆಯವರು ಅವರ ಕೈಯಿಂದ ಬಕೀಟು ಇಸಿದುಕೊಂಡು ತಾವೇ ಕುಣಿಗಿಳಿದರು. ತಳ ಕಾಣುವವರೆಗೂ ಯಾರನ್ನೂ ಹತ್ತಿರ ಬಿಡಲಿಲ್ಲ. ಕೊನೆಗೆ ತಮ್ಮ ಹೆಗಲ ಮೇಲಿನ ವಸ್ತ್ರದಿಂದ ತಳದ ತೇವ ಒರೆಸಿದರು. ಅದು ಒರೆಸಿದಷ್ಟೂ ಒಸರುತ್ತಿತ್ತು.

ಅದಾದ ಮೇಲೆ ಆರೋಗ್ಯ ಇಲಾಖೆಯವರು ಓಣಿಗೆ ಬಂದು ಹೊಗೆ ಹಾಕಿದರು, ಕೊಡ ಬ್ಯಾರಲ್ಲುಗಳನ್ನು ಬೋರಲು ಹಾಕಿಸಿದರು, ನೀರು ನಿಲ್ಲಲು ಬಿಡಬೇಡಿ ಎಂದರು. ಯಾವ ಸೊಳ್ಳೆ ಎಲ್ಲಿ ಹುಟ್ಟಿತ್ತೋ ಯಾರು ಬಲ್ಲರು? ಆದರೆ ಮನೆಯವರಿಗೆ ಅಂದಿನಿಂದ ಮೆಟ್ಟಿಲ ಮುಂದಿನ ಆ ನೀರೊಂದೇ ಕಣ್ಣಿಗೆ ಬೀಳುತ್ತಿತ್ತು. ಮಳೆ ಬಂದು ನಿಂತರೆ ಸಾಕು, ಬಕೀಟು ಹಿಡಿದು ಇಳಿಯುತ್ತಿದ್ದರು. ಮೊಗೆದು ಓಣಿಯ ಬಾಯಿಗೆ ಹೊತ್ತು ಗಟಾರಕ್ಕೆ ಸುರಿದು ಬರುವುದು, ಮತ್ತೆ ಮೊಗೆಯುವುದು. ನಾನು ಒಳಗೆ ಕೂತು ಆ ಸಪ್ಪಳ ಕೇಳುತ್ತಿದ್ದೆ.

ದೀಪಾವಳಿಯ ಸುಮಾರಿಗೆ ಒಂದು ಸಂಜೆ ಚಹಾದ ಕಪ್ಪು ಕೆಳಗಿಟ್ಟು, "ನೀ ಊರಮಂದಿಗೆಲ್ಲಾ ಮನಿ ಕಟ್ಟಿಕೊಡ್ತೀಯಲ್ಲ, ಈ ನೀರ ಇಲ್ಲೇ ಭೂಮ್ಯಾಗ ಇಳಿಯುವಂಗ ಏನರ ಮಾಡಾಕ ಬರ್ತೈತೇನು?" ಎಂದರು.

ಎಷ್ಟೋ ವಾರಗಳ ಮೇಲೆ ಅವರು ನನ್ನೊಡನೆ ಆಡಿದ ಉದ್ದನೆಯ ಮಾತು ಅದು. "ಬರ್ತೈತ್ರಿ" ಎಂದೆ. ಸೊಲ್ಲಾಪುರದಲ್ಲಿ ಒಂದು ಗೋದಾಮಿನ ಅಂಗಳ ನೋಡಿದ್ದೆ. ಮೇಲೆ ಸಿಮೆಂಟ್ ಬ್ಲಾಕಿನ ಹಾಸು, ಆದರೆ ಎಷ್ಟು ಮಳೆ ಸುರಿದರೂ ಅಲ್ಲಿ ಹನಿ ನೀರು ನಿಲ್ಲುತ್ತಿರಲಿಲ್ಲ. ಬ್ಲಾಕುಗಳ ನಡುವೆ ಬೆರಳಗಲದ ಸಂದು ಬಿಟ್ಟು ಅದರಲ್ಲಿ ಸಿಮೆಂಟು, ಉಸುಕು ಏನೂ ಹಾಕದೆ ಬರೀ ಸಣ್ಣ ಖಡಿ, ಅಂದರೆ ಜಲ್ಲಿಕಲ್ಲು ತುಂಬಿದ್ದರು. ಅದರ ಕೆಳಗೆ ಪದರು ಪದರಾಗಿ ಖಡಿಯೇ. ನೀರು ಸಂದಿನಿಂದ ಇಳಿದು ಕಲ್ಲುಗಳ ನಡುವೆ ನಿಂತು ನಿಧಾನ ಭೂಮಿಗೆ ಹೋಗುತ್ತಿತ್ತು.

ಆದರೆ ನಮ್ಮದು ಎರೆಮಣ್ಣು. ಅದರ ಮೇಲೆ ಏನು ಹಾಸಿದರೂ ಕೆಳಗೆ ಹೋದ ನೀರಿಗೆ ಮುಂದೆ ದಾರಿ ಬೇಕು. ಅದನ್ನು ನೋಡಲೆಂದೇ ಮೊದಲು ನಮ್ಮ ಅಂಗಳದ ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ ನೀರು ತುಂಬಿಸಿದೆ. ಮಾರನೆಯ ಬೆಳಗ್ಗೆಯೂ ನೀರು ಹಾಗೆಯೇ ಇತ್ತು. ಇನ್ನೂ ಆಳಕ್ಕೆ ತೋಡಿಸಿದಾಗ ಕಪ್ಪು ಮಣ್ಣು ಮುಗಿದು ಸಣ್ಣ ಕಲ್ಲು ಬೆರೆತ ಕೆಂಪು ಗರಸು ಸಿಕ್ಕಿತು. ಅಲ್ಲಿ ಸುರಿದ ನೀರು ಕಣ್ಣೆದುರೇ ತಗ್ಗಿತು. ಮನೆಯವರು ಶಾಲೆಯಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಗುಂಡಿಯ ಪಕ್ಕ ಕೂತು ಕೈಗಡಿಯಾರ ನೋಡುತ್ತ, ಕಡ್ಡಿಯಿಂದ ನೀರಿನ ಆಳ ಅಳೆಯುತ್ತಿದ್ದರು. ಕತ್ತಲಾಗುವ ಹೊತ್ತಿಗೆ, "ಇಲ್ಲಿ ಹೊಕ್ಕೈತಿ. ಇಲ್ಲಿತನಕ ನೀರ ಮುಟ್ಟಿಸು" ಎಂದರು.

ನಕ್ಷೆ ಬರೆದೆ. ಓಣಿಯ ಉದ್ದಕ್ಕೂ ಕಪ್ಪು ಮಣ್ಣು ತೆಗೆದು ಕೆಳಗೆ ದಪ್ಪ ಖಡಿ, ಅದರ ಮೇಲೆ ನಡುತರದ್ದು, ಮೇಲೆ ಬಾರೀಕ ಖಡಿ, ಅದರ ಮೇಲೆ ಬ್ಲಾಕು. ಅಕ್ಕಪಕ್ಕದ ಎರೆಮಣ್ಣು ಒಳಗೆ ಜರಿದು ಖಡಿಯ ಸಂದು ತುಂಬದಂತೆ ಬದಿಗಳಿಗೆ ನೀರು ಮಾತ್ರ ಬಿಡುವ ದಪ್ಪ ಬಟ್ಟೆ. ಬ್ಲಾಕು ಸರಿಯದಂತೆ ಎರಡೂ ಕಡೆ ಗೋಡೆಗುಂಟ ಅಂಚುಗಲ್ಲು. ನಮ್ಮ ಮೆಟ್ಟಿಲ ಮುಂದಿನ ತಗ್ಗಿನಲ್ಲಿ ಗರಸಿನವರೆಗೆ ಇಳಿಯುವ ಇಂಗುಗುಂಡಿ.

ಎಲ್ಲ ಮನೆಯವರನ್ನು ನಮ್ಮ ಕಟ್ಟೆಯ ಮೇಲೆ ಕೂಡಿಸಿ ಹೇಳಿದೆವು. ಹಾಕಿಸಿದ ಕಾಂಕ್ರೀಟು ಇನ್ನೂ ಹಳೆಯದಾಗಿರಲಿಲ್ಲ. ಅದನ್ನು ಒಡೆಯಬೇಕೆಂದರೆ ಯಾರ ಮುಖದಲ್ಲೂ ಉತ್ಸಾಹ ಕಾಣಲಿಲ್ಲ. ಆಗ ಚಾಚಾ ಎದ್ದು ನಿಂತು, "ಒಡೀರಿ. ಮೊದಲ ನನ್ನ ಬಾಗಲಾ ಮುಂದಿಂದ ಸುರು ಮಾಡ್ರಿ" ಎಂದರು. ಅವರು ಹೇಳಿದ ಮೇಲೆ ಉಳಿದವರು ಇಲ್ಲವೆನ್ನಲಿಲ್ಲ.

ಬೇಸಿಗೆ ರಜೆಯಲ್ಲಿ ಕೆಲಸ ನಡೆಯಿತು. ಮನೆಯವರು ಇಡೀ ರಜೆ ಓಣಿಯಲ್ಲೇ ಕಳೆದರು. ಖಡಿ ಬಂದಾಗ ಅದಕ್ಕಂಟಿದ ಪುಡಿ ಹೋಗುವವರೆಗೂ ನಿಂತು ತೊಳೆಸಿದರು. ಪುಡಿ ಇದ್ದರೆ ಸಂದು ಕಟ್ಟಿಕೊಳ್ಳುತ್ತದೆಂದು ನಾನು ಒಮ್ಮೆ ಹೇಳಿದ್ದೆ, ಅವರಿಗೆ ಅಷ್ಟೇ ಸಾಕಾಗಿತ್ತು. ಬಿಸಿಲಿಗೆ ಅವರ ಕತ್ತು ಸುಟ್ಟು ಕಪ್ಪಾಯಿತು. ಆ ಎರಡು ತಿಂಗಳು ನಾವಿಬ್ಬರೂ ಮಾತಾಡಿದೆವು. ಎಲ್ಲ ಮಾತೂ ಖಡಿಯದ್ದು, ಇಳಿಜಾರಿನದ್ದು, ಬ್ಲಾಕಿನದ್ದು. ಆದರೂ ಅದು ಮಾತಾಗಿತ್ತು.

ಮಿರಗದ, ಅಂದರೆ ಮೃಗಶಿರಾದ, ಮೊದಲ ದೊಡ್ಡ ಮಳೆ ಮಧ್ಯಾಹ್ನ ಬಂತು. ಓಣಿಯವರೆಲ್ಲ ಬಾಗಿಲುಗಳಲ್ಲಿ ನಿಂತಿದ್ದರು. ಹನಿ ಬಿದ್ದಲ್ಲೇ ಮಾಯವಾಗುತ್ತಿತ್ತು. ಓಣಿಯ ಬಾಯಿಂದ ಓಡಿ ಬಂದ ನೀರು ನಾಲ್ಕು ಮಾರು ಬರುವುದರೊಳಗೆ ಸಂದುಗಳಲ್ಲಿ ಇಳಿದುಹೋಗುತ್ತಿತ್ತು. ಮಳೆ ಜೋರಾಯಿತು, ಆಮೇಲೆ ನಿಂತಿತು. ನಮ್ಮ ಮೆಟ್ಟಿಲ ಮುಂದೆ ಬ್ಲಾಕುಗಳು ಒದ್ದೆಯಾಗಿದ್ದವು, ಅಷ್ಟೆ. ಚಾಚಿ ತಮ್ಮ ಬಾಗಿಲಿಂದ, "ಎಲ್ಲಿ ಹೋತ್ರೀ ನೀರ!" ಎಂದು ಬೆರಗಿನಿಂದ ಕೂಗಿದರು. ಯಾರೋ ಚಪ್ಪಾಳೆ ತಟ್ಟಿದರು.

ಮನೆಯವರು ಓಣಿಯ ನಡುವೆ ಕುಕ್ಕರುಗಾಲಿನಲ್ಲಿ ಕೂತು ಎರಡೂ ಅಂಗೈಗಳನ್ನು ಬ್ಲಾಕಿನ ಮೇಲೆ ಊರಿದ್ದರು. ನಾನು ಹತ್ತಿರ ಹೋದಾಗ ತಲೆಯೆತ್ತದೆ, "ಆಕಿ ಇದ್ದಿದ್ರ..." ಎಂದರು. ಜನ ನೋಡುತ್ತಿದ್ದರಿಂದ ಇಬ್ಬರೂ ಒಳಗೆ ಬಂದೆವು.

ಇಂಥ ಹಾಸನ್ನು ಮಾಡಿ ಬಿಟ್ಟರೆ ಆಗಲಿಲ್ಲ, ಕಾಯಬೇಕು. ಗಾಳಿ ತಂದ ಧೂಳು, ಟ್ರ್ಯಾಕ್ಟರಿನ ಗಾಲಿಗಂಟಿದ ಎರೆಮಣ್ಣು, ಉದುರಿದ ಎಲೆ ಇವೇ ಅದರ ಶತ್ರುಗಳು. ಸಂದು ಕಟ್ಟಿಕೊಂಡರೆ ಅದೂ ಒಂದು ಕಾಂಕ್ರೀಟೇ. ದಿನಾ ಒಣ ಕಸಬರಿಗೆಯಿಂದ ಗುಡಿಸಬೇಕು. ವರ್ಷಕ್ಕೊಮ್ಮೆ ಮಣ್ಣಾದ ಕಡೆ ಸಂದಿನ ಖಡಿಯನ್ನು ಕೊಕ್ಕೆಯಿಂದ ಕೆದರಿ ತೆಗೆದು ತೊಳೆದ ಹೊಸ ಖಡಿ ತುಂಬಬೇಕು. ಇದನ್ನೆಲ್ಲ ನಾನು ಓಣಿಯವರಿಗೆ ಹೇಳಿದಾಗ ಎಲ್ಲರೂ ಹೂಂ ಎಂದರು. ಆದರೆ ಕಸಬರಿಗೆ ಹಿಡಿದವರು ಮನೆಯವರೊಬ್ಬರೇ.

ಬೆಳಗಾಗುತ್ತಲೇ ಓಣಿಯ ಬಾಯಿಂದ ಗುಡಿಸುತ್ತ ನಮ್ಮ ಮೆಟ್ಟಿಲಿನವರೆಗೆ ಬರುತ್ತಿದ್ದರು. ಹೈಸ್ಕೂಲಿನ ಮಾಸ್ತರು ಓಣಿ ಗುಡಿಸುವುದನ್ನು ಕಂಡು ದಾರಿಹೋಕರು ನಿಂತು ನೋಡುತ್ತಿದ್ದರು. ಶಾಲೆಯಲ್ಲೂ ಮಾತಾಯಿತು. ಅವರಿಗೆ ಅದಾವುದೂ ಮುಟ್ಟಲಿಲ್ಲ. ಗಾಡಿ ತೊಳೆಯುವವರನ್ನು ಓಣಿಯ ಬಾಯಿಗೆ ಕಳಿಸಿದರು. ಹೊಲದಿಂದ ಬಂದ ಟ್ರ್ಯಾಕ್ಟರು ಒಳಗೆ ಬರುವಂತಿಲ್ಲ ಎಂದರು. ಕೊನೆಗೆ ರಂಗೋಲಿಗೂ ಬಂದರು. ಅದರ ಕಲ್ಲಿನ ಪುಡಿ ಸಂದಿಗಿಳಿಯುತ್ತದೆ ಎಂಬುದು ಅವರ ಚಿಂತೆ. ಪಕ್ಕದ ಮನೆಯ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಬಾಗಲಾ ಮುಂದ ರಂಗೋಲಿ ಹಾಕಬ್ಯಾಡಂದ್ರ ಹೆಂಗ್ರಿ ಮಾಸ್ತರ? ಲಕ್ಷ್ಮಿ ಎಲ್ಲಿಂದ ಬರ್ಬೇಕು?"

ಅವರು ವಾದ ಮಾಡಲಿಲ್ಲ. ಪೇಟೆಯಿಂದ ಚಪ್ಪಟೆ ಪರ್ಸಿಕಲ್ಲು ತರಿಸಿ ಪ್ರತಿ ಮನೆಯ ಹೊಸ್ತಿಲ ಮುಂದೆ ಒಂದೊಂದು ಹಾಕಿಸಿ, "ಅವ್ವಾರ, ಇದರ ಮ್ಯಾಲೆ ಹಾಕ್ರಿ. ಓಣ್ಯಾಗ ಬ್ಯಾಡ" ಎಂದು ಕೈಮುಗಿದರು. ಅಜ್ಜಿ ಏನೋ ಗೊಣಗಿದರು, ಆದರೆ ಮರುದಿನ ರಂಗೋಲಿ ಪರ್ಸಿಯ ಮೇಲಿತ್ತು.

ಎರಡು ಮಳೆಗಾಲ ಹೀಗೆ ಹೋದವು. ಮಳೆಯ ದಿನಗಳಲ್ಲಿ ಅವರು ಊರು ಬಿಟ್ಟು ಕದಲುತ್ತಿರಲಿಲ್ಲ. ನನ್ನ ಅಕ್ಕನ ಮಗನ ಮದುವೆಗೆ ಬಾಗೇವಾಡಿಗೆ ನಾನೊಬ್ಬಳೇ ಹೋಗಿಬಂದೆ. ಇಂಗಳೇಶ್ವರದ ಹೊಲಕ್ಕೂ ಅವರು ಹೋಗುವುದನ್ನು ಬಿಟ್ಟರು. "ಒಮ್ಮೆ ಹೋಗಿ ಬರೂಣ್ರಿ, ಆಕೀಗೆ ಹೂವರ ಇಟ್ಟು ಬರೂಣು" ಎಂದರೆ, "ಮಳಿಗಾಲ ಮುಗೀಲಿ" ಎನ್ನುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಧೂಳಿನ ಕಾಲ ಬರುತ್ತಿತ್ತು. ನಾನೊಬ್ಬಳೇ ಹೋಗುತ್ತಿದ್ದೆ. ಅಲ್ಲಿ ಕೂತಾಗ ನನಗೆ ಅನ್ನಿಸುತ್ತಿತ್ತು, ಅವರು ಯಾಕೆ ಬರುತ್ತಿಲ್ಲ, ಒಬ್ಬ ತಂದೆ ಹೀಗೆ ಇರಬಹುದೇ ಎಂದು. ಅದರ ಉತ್ತರ ನನಗೆ ಸಿಕ್ಕಿದ್ದು ಮುಂದೆ, ಬೇಡವಾದ ರೀತಿಯಲ್ಲಿ.

ಚಾಚಾ ತಮ್ಮ ಮಗಳ ಮದುವೆ ಗೊತ್ತಾದಾಗ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಲು ನಿಂತರು. ನಕ್ಷೆ ನನ್ನದೇ. ಕೆಲಸ ಆರಂಭಿಸುವ ಮುಂಚೆ ಅವರೇ ಬಂದು ಮನೆಯವರ ಕೈ ಹಿಡಿದು, "ಮಾಸ್ತರ, ಉಸುಕಿನ ಒಂದು ಕಾಳು ಓಣ್ಯಾಗ ಬೀಳಾಕ ಬಿಡೂದಿಲ್ಲ" ಎಂದರು. ಹಾಗೆಯೇ ನಡೆದುಕೊಂಡರು. ಉಸುಕು, ಖಡಿ, ಸಿಮೆಂಟು ಎಲ್ಲವೂ ಓಣಿಯ ಬಾಯಿಯ ಹೊರಗೆ ತಾಡಪತ್ರಿಯ ಮೇಲೆ. ಕೆಲಸದವರು ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದರು.

ಸ್ಲ್ಯಾಬು ಹಾಕುವ ದಿನ ನಾನು ಬೆಳಗ್ಗೆ ನಿಂತು ಕಂಬಿ ಕಟ್ಟಿದ್ದನ್ನು ನೋಡಿ ಮುದ್ದೇಬಿಹಾಳಕ್ಕೆ ಹೋಗಲೇಬೇಕಾಯಿತು. ಅಲ್ಲಿಯೂ ಒಂದು ಅಡಿಪಾಯ ನನಗಾಗಿ ಕಾದಿತ್ತು. ಮನೆಯವರಿಗೆ ಶಾಲೆಯಲ್ಲಿ ಪರೀಕ್ಷೆ. ಚಾಚಾ ಮಧ್ಯಾಹ್ನದವರೆಗೂ ಇದ್ದು, ಮಾಲು ಬಂದಿದೆ ಎಂದು ಕರೆ ಬಂದಾಗ ಚಡಚಣಕ್ಕೆ ಹೋದರು. ಬಿಸಿಲು ಬೆಂಕಿಯಂತಿತ್ತಂತೆ. ಕಾಂಕ್ರೀಟ್ ಕಲಸುವ ಗಾಡಿಯನ್ನು ಕೆಲಸದವರು ಓಣಿಯೊಳಗೆ ತಂದು ನಮ್ಮ ಬಾಗಿಲ ಬದಿಯ ಬೇವಿನ ನೆರಳಿಗೆ ನಿಲ್ಲಿಸಿದರು. ಬೇರೆ ಊರಿನಿಂದ ಆ ಒಂದು ದಿನಕ್ಕೆಂದು ಬಂದ ಜನ, ಅವರಿಗೆ ಓಣಿಯ ಕಥೆ ಗೊತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಗಾಡಿಯ ಡ್ರಮ್ಮನ್ನು ಅಲ್ಲಿಯೇ ತೊಳೆದರು. ಸಿಮೆಂಟಿನ ನೀರು ನಮ್ಮ ಮೆಟ್ಟಿಲ ಮುಂದಿನ ಸಂದುಗಳಲ್ಲೆಲ್ಲ ಇಳಿಯಿತು. ಒಳಗಿದ್ದ ಚಾಚಿ ನೋಡಿ ಕೂಗಿಕೊಂಡು ಬರುವಷ್ಟರಲ್ಲಿ ಅದು ಆಗಿಹೋಗಿತ್ತು.

ನಾನು ಬಸ್ಸಿಳಿದು ಓಣಿಯ ಬಾಯಿಗೆ ಬಂದಾಗ ಸೂರ್ಯ ಇಳಿದಿದ್ದ. ಮನೆಯವರ ಧ್ವನಿ ಅಲ್ಲಿಗೇ ಕೇಳಿಸಿತು. ಮದುವೆಯಾದಂದಿನಿಂದ ಅವರು ಧ್ವನಿಯೇರಿಸಿದ್ದನ್ನು ನಾನು ಕೇಳಿರಲಿಲ್ಲ. ಚಾಚಾ ಆಗತಾನೆ ಚಡಚಣದಿಂದ ಬಂದವರು, ಹೆಗಲ ಚೀಲವನ್ನೂ ಇಳಿಸಿರಲಿಲ್ಲ. ಅವರ ಮುಂದೆ ನಿಂತು ಮನೆಯವರು ಕೂಗುತ್ತಿದ್ದರು.

"ನನ್ನ ಮಗಳ ಮ್ಯಾಲೆ ಸಿಮೆಂಟ್ ಸುರುವಿದ್ರಿ ನೀವು! ಆಕೀಗೆ ಉಸಿರಾಡಾಕ ಒಂದ ಸಂದರ ಬಿಟ್ಟೀರೇನ್ರಿ? ನಿಮ್ಮ ಮಗಳ ಮದುವಿಗೆ ನನ್ನ ಮಗಳನ್ನ ಮುಚ್ಚಿದ್ರಿ!"

ನನಗೆ ಎಲ್ಲವೂ ಅರ್ಥವಾದದ್ದು ಆ ಗಳಿಗೆಯಲ್ಲಿ. ಅವರು ಇಂಗಳೇಶ್ವರಕ್ಕೆ ಯಾಕೆ ಹೋಗುತ್ತಿರಲಿಲ್ಲವೆಂದರೆ ಅವರ ಪಾಲಿಗೆ ಮಗಳು ಅಲ್ಲಿರಲಿಲ್ಲ. ಇಲ್ಲಿದ್ದಳು. ದಿನಾ ಬೆಳಗ್ಗೆ ಅವರು ಗುಡಿಸುತ್ತಿದ್ದುದು ಅವಳ ಮೇಲಿನ ಧೂಳನ್ನು.

ಚಾಚಾ ತಲೆ ತಗ್ಗಿಸಿ ನಿಂತಿದ್ದರು, ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ಮಾತಾಡಿದವರು ಬಾಗಿಲಲ್ಲಿ ನಿಂತಿದ್ದ ಚಾಚಿ.

"ಮಾಸ್ತರ, ಆ ಕೂಸಿನ ಕಾಲ ನನ್ನ ತೊಡಿಮ್ಯಾಲ ಇದ್ದುವು. ಎಷ್ಟ ತಿಕ್ಕಿದ್ರೂ ಬೆಚ್ಚಗ ಆಗ್ಲಿಲ್ಲ. ಅದನ್ನ ನಾ ಮರತೇನೇನ್ರಿ? ತಪ್ಪಾಗೈತಿ. ಬಡೀರಿ, ಬೈರಿ. ಇಂಥಾ ಮಾತ ಮಾತ್ರ ಆಡಬ್ಯಾಡ್ರಿ."

ಮನೆಯವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಮರುದಿನ ಚಾಚಾ ಗೌಂಡಿಯನ್ನು ಕರೆದುಕೊಂಡು ಬಂದು ಬಾಗಿಲು ತಟ್ಟಿದರು. ಕೆಟ್ಟ ಭಾಗವನ್ನೆಲ್ಲ ಕಿತ್ತು ಹೊಸದಾಗಿ ಹಾಕಿಸುತ್ತೇನೆ ಎಂದರು. ನಾನು ಅಷ್ಟು ಹೊತ್ತಿಗೆ ಎರಡು ಬ್ಲಾಕು ಎಬ್ಬಿಸಿ ನೋಡಿದ್ದೆ. ಸಿಮೆಂಟಿನ ನೀರು ಮೇಲಿನ ಬಾರೀಕ ಖಡಿಯಲ್ಲೇ ಹೆಪ್ಪುಗಟ್ಟಿತ್ತು, ಕೆಳಗಿನ ದಪ್ಪ ಖಡಿಗೆ ಇಳಿದಿರಲಿಲ್ಲ. "ಮ್ಯಾಲಿಂದಷ್ಟ ತೆಗದು ಹಾಕಿದ್ರ ಮೊದಲಿನಂಗ ಆಗ್ತೈತ್ರಿ" ಎಂದು ಮನೆಯವರಿಗೆ ವಿವರಿಸಿದೆ. ಬೇರೆ ಯಾರದೋ ಮನೆಯ ನಕ್ಷೆಯ ಮಾತು ಕೇಳುವವರಂತೆ ಕೇಳಿದರು.

"ಬಿಡು. ಇನ್ನ ಬ್ಯಾಡ" ಎಂದರು. ಚಾಚಾರ ಕಡೆ ತಿರುಗಿ, "ನೀವೂ ಬಿಡ್ರಿ. ನನ್ನ ಮಾತ ತಪ್ಪಾತು" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

ಅಂದಿನಿಂದ ಕಸಬರಿಗೆ ಮುಟ್ಟಲಿಲ್ಲ. ಬೆಳಗ್ಗೆ ಎದ್ದು ಸುಮ್ಮನೆ ಕೂತಿರುತ್ತಿದ್ದರು, ಹೊತ್ತಾದಾಗ ಶಾಲೆಗೆ ಹೋಗುತ್ತಿದ್ದರು. ಅಡ್ಡಮಳೆ ಒಂದು ಬಂದು ಆ ಕೆಟ್ಟ ಭಾಗದಲ್ಲಿ ನೀರು ನಿಂತಿತು. ಕಿಟಕಿಯಿಂದ ನೋಡಿದರು, ಬಕೀಟು ಹಿಡಿಯಲಿಲ್ಲ. ನಾನೇ ಇಳಿದು ಮೊಗೆದೆ.

ಮುಂದೆ ವರ್ಗಾವಣೆಯ ಕಾಲ ಬಂದಾಗ ಒಂದು ದಿನ ಊಟಕ್ಕೆ ಕೂತವರು, "ನಾಲತವಾಡದ ಕಡೆ ಒಂದ ಸಾಲಿ ಐತಿ. ಅಲ್ಲಿಗೆ ಕೇಳೇನಿ" ಎಂದರು.

"ಮತ್ತ ನಾನು?"

"ನಿನ್ನ ಕೆಲಸ ಇಲ್ಲೇ ಐತೆಲ್ಲ."

ರೊಟ್ಟಿ ಮುರಿದ ಅವರ ಕೈ ತಾಟಿನಲ್ಲಿ ಹಾಗೆಯೇ ಇತ್ತು. ನಾನು ಅಳಬಹುದಿತ್ತು, ಜಗಳ ಮಾಡಬಹುದಿತ್ತು. ಅವರ ಮುಖ ನೋಡಿದೆ. ಈ ಮನೆಯ ಮೆಟ್ಟಿಲು ಇಳಿದು ಹತ್ತುವ ಶಕ್ತಿಯೇ ಅವರಲ್ಲಿ ಉಳಿದಿಲ್ಲ ಎಂಬುದು ಕಂಡಿತು. ಪಲ್ಯ ಬಡಿಸಿದೆ. ಒಂದು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ಅವರು ಹೋದರು.

ಓಣಿಯನ್ನು ನಾನು ಮತ್ತು ಚಾಚಾ ರಿಪೇರಿ ಮಾಡಿಸಿದೆವು. ಕೆಟ್ಟ ಬ್ಲಾಕುಗಳನ್ನು ಎಬ್ಬಿಸಿ, ಹೆಪ್ಪುಗಟ್ಟಿದ ಖಡಿಯನ್ನು ಸುತ್ತಿಗೆಯಿಂದ ಒಡೆದು ತೆಗೆಸಿದೆವು. ಹೊಸ ಖಡಿಯನ್ನು ಚಾಚಾ ತಮ್ಮ ಬಾಗಿಲಲ್ಲಿ ಕೂತು ಜರಡಿಯಲ್ಲಿ ಹಾಕಿ ತಾವೇ ತೊಳೆದರು. ವಯಸ್ಸಾದ ಮನುಷ್ಯ, ಬೇಡವೆಂದರೂ ಕೇಳಲಿಲ್ಲ. ತೊಳೆಯುತ್ತ ತೊಳೆಯುತ್ತ ಕೇಳಿದರು.

"ಬೇಟಿ, ಮಾಸ್ತರ ಮದುವಿಗೆ ಬರ್ತಾರೇನು?"

"ಕರೀರಿ ಚಾಚಾ. ನೀವ ಹೋಗಿ ಕರದ್ರ ಬರ್ತಾರ."

ಅವರು ಅಷ್ಟು ದೂರ ನಾಲತವಾಡಕ್ಕೆ ಹೋಗಿ ಪತ್ರಿಕೆ ಕೊಟ್ಟು ಬಂದರು. ಮನೆಯವರು ಬಂದರು. ಓಣಿಗೆ ಪೂರ್ತಿ ಶಾಮಿಯಾನ ಹಾಕಿತ್ತು, ಕುರ್ಚಿಗಳಿದ್ದವು, ಮಕ್ಕಳು ಓಡಾಡುತ್ತಿದ್ದರು. ಅವರು ಓಣಿಯ ಬಾಯಿಯಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಗೋಡೆಗೆ ಕೈ ಊರಿಕೊಂಡು, ಗೋಡೆಗುಂಟ ಇದ್ದ ಕಿರಿದಾದ ಅಂಚುಗಲ್ಲಿನ ಮೇಲೆ ಒಂದರ ಮುಂದೊಂದು ಪಾದವಿಡುತ್ತ ಒಳಗೆ ನಡೆದು ಬಂದರು. ನಡುವಿನ ಹಾಸನ್ನು ಎಲ್ಲಿಯೂ ತುಳಿಯಲಿಲ್ಲ. ಬೀಗರ ಕಡೆಯವರು ಯಾರೋ ಇವರೇಕೆ ಹೀಗೆ ನಡೆಯುತ್ತಾರೆ ಎಂದು ನಕ್ಕರು. ಚಾಚಾ ನಗಲಿಲ್ಲ. ಮುಂದೆ ಹೋಗಿ ಅವರ ಇನ್ನೊಂದು ಕೈ ಹಿಡಿದುಕೊಂಡು ತಮ್ಮ ಬಾಗಿಲಿನವರೆಗೆ ಕರೆತಂದರು. ಮನೆಯವರು ಮದುಮಗಳ ತಲೆಯ ಮೇಲೆ ಕೈಯಿಟ್ಟು ಹರಸಿದರು, ಎರಡು ತುತ್ತು ಉಂಡರು, ಅದೇ ಅಂಚಿನ ಮೇಲೆ ನಡೆದು ಸಂಜೆಯ ಬಸ್ಸಿಗೆ ಹೋದರು. ನಮ್ಮ ಮನೆಯೊಳಗೆ ಬರಲಿಲ್ಲ.

ಈಗ ಬಿಡುವಾದಾಗ ನಾನು ನಾಲತವಾಡಕ್ಕೆ ಹೋಗುತ್ತೇನೆ. ಅವರು ಬಾಡಿಗೆಗಿರುವುದು ಊರ ಅಂಚಿನ ಒಂದು ಚಿಕ್ಕ ಮನೆ. ಕಳೆದ ಮಳೆಗಾಲದಲ್ಲಿ ಹೋದಾಗ ಅವರ ಬಾಗಿಲ ಮುಂದೆ ಹಸಿರುಗಟ್ಟಿದ ನೀರು ನಿಂತಿತ್ತು. ಎರಡು ಇಟ್ಟಿಗೆ ಇಟ್ಟುಕೊಂಡು ಅದರ ಮೇಲೆ ಕಾಲಿಟ್ಟು ದಾಟುತ್ತಿದ್ದರು.

"ಇದೇನ್ರಿ, ನೀರ ನಿಂತೈತೆಲ್ಲ?"

"ನಿಲ್ಲಲಿ ಬಿಡು. ಈ ಮನ್ಯಾಗ ಕೂಸು ಕುನ್ನಿ ಯಾರದಾರು?"

ಚೀಲ ಒಳಗಿಟ್ಟು ಪಕ್ಕದ ಮನೆಯಿಂದ ಒಂದು ಸಲಿಕೆ ಕೇಳಿ ತಂದೆ. ಅಲ್ಲಿ ಹಾಸಿಲ್ಲ, ಖಡಿಯಿಲ್ಲ, ಬರೀ ಮಣ್ಣು. ರಸ್ತೆಯ ಬದಿಯ ಗಟಾರ ತಗ್ಗಿನಲ್ಲೇ ಇತ್ತು. ಸೆರಗು ಸಿಕ್ಕಿಸಿ ಬಾಗಿಲಿಂದ ಅಲ್ಲಿಯವರೆಗೆ ಒಂದು ಕಾಲುವೆ ಕಡಿಯತೊಡಗಿದೆ. ಎರೆಮಣ್ಣು ಸಲಿಕೆಗೆ ಅಂಟಿಕೊಂಡು ಪ್ರತಿ ಏಟಿಗೂ ಕೈಯಿಂದ ಬಿಡಿಸಬೇಕಾಗುತ್ತಿತ್ತು. ಅವರು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಸಹಾಯಕ್ಕೆ ಬರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕೊನೆಯ ಹೆಂಟೆ ಒಡೆದಾಗ ನೀರು ಮೆಲ್ಲಗೆ ಹೊರಟು ಗಟಾರಕ್ಕೆ ಬಿತ್ತು.

ಬಸ್ಸಿನ ಹೊತ್ತಾಗಿತ್ತು. ನನ್ನ ಕಾಲುಗಳು ಮೊಳಕಾಲಿನವರೆಗೂ ಕೆಸರಾಗಿದ್ದವು. ಅವರು ಒಳಗಿಂದ ಕೊಡ ತಂದು, ಬಗ್ಗಿ, ನನ್ನ ಪಾದಗಳ ಮೇಲೆ ನಿಧಾನ ನೀರು ಹಾಕಿದರು. ಮಣ್ಣು ಬಿಡದ ಕಡೆ ಕೈಯಿಂದ ತಿಕ್ಕಿದರು. ನಾನು ಅವರ ಹೆಗಲು ಹಿಡಿದುಕೊಂಡು ನಿಂತಿದ್ದೆ. ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆಮೇಲೆ ಅವರು ಕೊಡ ಕೆಳಗಿಟ್ಟು ನನ್ನ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ಮುಂದೆ ಮುಂದೆ ನಡೆದರು.